ಮನೆಯಲ್ಲೊಂದು ಒಪೆರಾ ಸಂಜೆ: ಯಾವ ಹಾಡು ಮೊದಲು, ಯಾವುದು ಆಮೇಲೆ

ಹಾಡಿನಲ್ಲೇ ಕತೆ ನಡೆಯುವ ಪಾಶ್ಚಾತ್ಯ ನಾಟಕ ಒಪೆರಾ ಅಂದರೆ ನಮ್ಮಲ್ಲಿ ಹಲವರಿಗೆ ಗೊತ್ತಿರುವುದು ಕಾರ್ಟೂನಿನಲ್ಲಿ ಗಾಜು ಒಡೆಯುವ ಹಾಗೆ ಕೂಗುವ ಹೆಂಗಸು, ಅಷ್ಟೇ. ಆ ಅಭಿಪ್ರಾಯ ಬದಲಿಸುವುದು ಅಂಥ ಕಷ್ಟವೇನಲ್ಲ. ಒಂದು ಸಂಜೆ, ಏಳೆಂಟು ಜನ, ಒಂದು ಒಳ್ಳೆಯ ಸ್ಪೀಕರ್, ಐದಾರು ಹಾಡು ಸಾಕು. ಮೈಸೂರಿನ ನಮ್ಮ ಮನೆಯ ಮಹಡಿ ಹಾಲಿನಲ್ಲಿ ನಾನು ಆಗಾಗ ಇದನ್ನು ಮಾಡುತ್ತಿರುತ್ತೇನೆ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ರು, ವಯೊಲಿನ್ ಪಾಠ ಹೇಳುವ ಮೇಷ್ಟ್ರು, ಮಗಳ ಕಾಲೇಜಿನ ಗೆಳತಿಯರು ಬರುತ್ತಾರೆ. ಯಾರಿಗೂ ಇಟಾಲಿಯನ್ ಬರುವುದಿಲ್ಲ, ನನಗೂ ಬರುವುದಿಲ್ಲ.

ನನ್ನದು ಒಂದೇ ನಿಯಮ. ಹಾಡು ಹಾಕುವ ಮುಂಚೆ ಯಾರು ಯಾರಿಗೆ ಹಾಡುತ್ತಿದ್ದಾರೆ, ಅವರಿಗೆ ಏನು ಬೇಕಾಗಿದೆ ಅಂತ ಎರಡು ಮಾತಿನಲ್ಲಿ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತುಬಿಡಿ. ಸಂಗೀತಗಾರನ ಜೀವನ ಚರಿತ್ರೆ, ಇಸವಿ, ಎಲ್ಲ ಕಾಫಿ ಕುಡಿಯುವಾಗ. ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಪಾತ್ರಧಾರಿಯೇ ಮಾತಾಡುತ್ತಾ ಹಾಡಿಗೆ ಏರುತ್ತಿದ್ದ, ಸಂದರ್ಭ ಗೊತ್ತಿದ್ದರೆ ತಾನೇ ಆ ರಂಗಗೀತೆಗೆ ಜೀವ? ಒಪೆರಾದಲ್ಲೂ ಅಷ್ಟೇ. ಮನಸ್ಸು ತುಂಬಿ ಒಬ್ಬರೇ ಹಾಡಿದರೆ ಆರಿಯಾ, ಇಬ್ಬರು ಸೇರಿದರೆ ಡುಯೆಟ್.

ಸಂದರ್ಭ ಹೇಳದೆ ಹಾಕಿದರೆ ಏನಾಗುತ್ತದೆ ನೋಡಿ. ಪುಚ್ಚಿನಿಯ ‘ಓ ಮಿಯೊ ಬಬ್ಬಿನೊ ಕಾರೊ’ ಕೇಳಿದವರು ಯಾರೋ ಸತ್ತಿರಬೇಕು, ಪಾಪ ಅಂದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ಲೌರೆಟ್ಟಾ ಅನ್ನುವ ಹುಡುಗಿ ಅಪ್ಪನನ್ನು ಪುಸಲಾಯಿಸುತ್ತಿದ್ದಾಳೆ. ಅವಳಿಗೆ ತಾನು ಇಷ್ಟಪಟ್ಟ ಹುಡುಗನನ್ನೇ ಮದುವೆಯಾಗಬೇಕು, ಉಂಗುರ ಕೊಳ್ಳಲು ಹೋಗಬೇಕು. ಇಲ್ಲದಿದ್ದರೆ ಫ್ಲಾರೆನ್ಸಿನ ಪೊಂಟೆ ವೆಕ್ಕಿಯೊ ಸೇತುವೆಯಿಂದ ಆರ್ನೊ ನದಿಗೆ ಹಾರುತ್ತಾಳಂತೆ. ಅಪ್ಪ ಕರಗಿಹೋಗಿ, ಸತ್ತವನೊಬ್ಬನ ಉಯಿಲನ್ನೇ ತಿರುಚುವ ಕೆಲಸಕ್ಕೆ ಕೈ ಹಾಕುತ್ತಾನೆ. ಇಷ್ಟು ಹೇಳಿ ಮರಿಯಾ ಕಲ್ಲಾಸ್ ಹಾಡಿದ್ದನ್ನು ಹಾಕಿ. ಎರಡೂವರೆ ನಿಮಿಷದ ಹಾಡು. ಕೊನೆಗೆ ಅವಳು ಅಪ್ಪಾ, ಕರುಣೆ ತೋರು ಅಂತ ಗೋಗರೆಯುವಾಗ ಹೆಣ್ಣುಮಕ್ಕಳಿರುವ ಅಪ್ಪಂದಿರೆಲ್ಲ ನಗುತ್ತಾರೆ.

ಆದರೆ ಸಂಜೆ ಶುರುಮಾಡುವುದು ಇದರಿಂದ ಬೇಡ. ಶುರುವಿಗೆ ವೆರ್ಡಿಯ ‘ಲಾ ದೊನ್ನಾ ಎ ಮೊಬಿಲೆ’ಯೇ ಸರಿ. ಜಾಹೀರಾತಿನಲ್ಲೋ ಕಾರ್ಟೂನಿನಲ್ಲೋ ಇದರ ಧಾಟಿಯನ್ನು ಎಲ್ಲರೂ ಕೇಳಿರುತ್ತಾರೆ. ‘ಅಯ್ಯೋ, ಇದು ಗೊತ್ತು!’ ಅನ್ನುತ್ತಾರೆ, ಅರ್ಧ ಹೆದರಿಕೆ ಹೋಗುತ್ತದೆ. ಇದೊಂದಕ್ಕೆ ಮಾತ್ರ ಸಂದರ್ಭವನ್ನು ಪೂರ್ತಿ ಹೇಳಬೇಡಿ. ಶೋಕಿಲಾಲ ಡ್ಯೂಕ್ ಒಬ್ಬ ಹೋಟೆಲಿನಲ್ಲಿ ಕೂತು, ಹೆಂಗಸರ ಮನಸ್ಸು ಗಾಳಿಯಲ್ಲಿ ಹಾರುವ ಗರಿ ಇದ್ದ ಹಾಗೆ ಅಂತ ಹಾಡುತ್ತಿದ್ದಾನೆ, ಅಷ್ಟು ಸಾಕು. ಉಳಿದದ್ದನ್ನು ಸಂಜೆಯ ಕೊನೆಗೆ ಇಟ್ಟುಕೊಳ್ಳಿ.

ಎರಡು ಹಾಡಾದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಯಾಕೆ ಹೀಗೆ ಗಂಟಲು ಹರಿದುಕೊಳ್ಳುತ್ತಾರೆ?’ ಬೇಜಾರು ಮಾಡಿಕೊಳ್ಳಬೇಡಿ, ನ್ಯಾಯವಾದ ಪ್ರಶ್ನೆ. ಒಪೆರಾ ಹುಟ್ಟಿದಾಗ ಮೈಕ್ ಇರಲಿಲ್ಲ, ಈಗಲೂ ಒಪೆರಾ ಮನೆಗಳಲ್ಲಿ ಮೈಕ್ ಇಲ್ಲದೆಯೇ ಹಾಡುವುದು ರೂಢಿ. ವೇದಿಕೆಯ ಮುಂದೆ ಐವತ್ತು ಅರವತ್ತು ವಾದ್ಯ, ಹಿಂದಿನ ಸಾಲಿನವರಿಗೂ ದನಿ ಮುಟ್ಟಬೇಕು. ಬರೀ ಜೋರಾಗಿ ಕೂಗಿದರೆ ಇದು ಆಗುವುದಿಲ್ಲ. ವಾದ್ಯಗಳ ಶಕ್ತಿ 500 ಹರ್ಟ್ಸ್ ಆಸುಪಾಸಿನಲ್ಲಿ ಜಾಸ್ತಿ, ಮೇಲೆ ಹೋದಂತೆ ಕಮ್ಮಿಯಾಗುತ್ತದೆ. ಪಳಗಿದ ಟೆನರ್ (ಏರು ದನಿಯ ಗಾಯಕ) ಅಥವಾ ಬ್ಯಾರಿಟೋನ್ (ನಡು ದನಿಯ ಗಾಯಕ) ತನ್ನ ದನಿಗೆ 3000 ಹರ್ಟ್ಸ್ ಸುತ್ತಮುತ್ತ ಒಂದು ಹೊಳಪು ತಂದುಕೊಂಡಿರುತ್ತಾನೆ. ವಾದ್ಯಗಳು ಮೆತ್ತಗಾದ ಆ ಜಾಗದಲ್ಲಿ ದನಿ ನುಗ್ಗಿ ಹೊರಗೆ ಬರುತ್ತದೆ. ನಮ್ಮ ವಯೊಲಿನ್ ಮೇಷ್ಟ್ರು ಇನ್ನೊಂದು ಕೇಳಿದರು, ದನಿ ನಡುಗುತ್ತದಲ್ಲ, ಅದು ಗಮಕವೇ ಅಂತ. ಅಲ್ಲ. ಗಮಕ ರಾಗದ ಅಂಗ, ಅದು ತಪ್ಪಿದರೆ ರಾಗವೇ ಕೆಡುತ್ತದೆ. ಇದು ಒಂದೇ ಸ್ವರದ ಆಚೀಚೆ ಆಡುವ ಸಣ್ಣ ಅಲುಗಾಟ.

ಕರ್ನಾಟಕ ಸಂಗೀತ ಕೇಳಿದ ಕಿವಿಗಳಿದ್ದರೆ ಮುಂದೆ ಬಿಜೆಯ ‘ಕಾರ್ಮೆನ್’ನಿಂದ ಹಬನೇರಾ ಅನ್ನುವ ಹಾಡು ಹಾಕಿ. ಕೆಳಗೆ ಚೆಲ್ಲೋಗಳು ಒಂದೇ ನಡೆಯನ್ನು ಬಿಡದೆ ನುಡಿಸುತ್ತಿರುತ್ತವೆ. ಮೇಲೆ ಧಾಟಿ ಅರ್ಧರ್ಧ ಸ್ವರವಾಗಿ ಕೆಳಗೆ ಜಾರುತ್ತದೆ. ಕಾರ್ಮೆನ್ ಸಿಗರೇಟ್ ಕಾರ್ಖಾನೆಯ ಕೆಲಸಗಾರ್ತಿ. ಸುತ್ತ ನಿಂತ ಗಂಡಸರಿಗೆಲ್ಲ, ಪ್ರೀತಿ ಪಳಗದ ಹಕ್ಕಿ, ನಾನು ನಿನ್ನನ್ನು ಪ್ರೀತಿಸಿದರೆ ನೀನು ಹುಷಾರು ಅನ್ನುತ್ತಿದ್ದಾಳೆ. ಈ ಒಪೆರಾ 1875ರ ಮಾರ್ಚ್‌ನಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನ ಕಂಡಾಗ ಜನ ಮೂಗು ಮುರಿದರು. ಮೂರು ತಿಂಗಳಿಗೆ ಬಿಜೆ ತೀರಿಕೊಂಡ, ಆಗ ಅವನಿಗೆ 36 ವರ್ಷ.

ಇನ್ನು ಡುಯೆಟ್. ಜನಪ್ರಿಯವಾದದ್ದು ಹಲವಿದ್ದರೂ ನನ್ನ ಮೊದಲ ಆಯ್ಕೆ ಮೊಜಾರ್ಟ್‌ನ ‘ಫಿಗರೊನ ಮದುವೆ’ಯ ಕಾಗದದ ಹಾಡು. ಕೌಂಟ್ ತನ್ನ ಹೆಂಡತಿಯ ಸೇವಕಿ ಸುಸಾನಾಳ ಹಿಂದೆ ಬಿದ್ದಿದ್ದಾನೆ. ಅವನನ್ನು ಸಿಕ್ಕಿಹಾಕಿಸಲು ಹೆಂಡತಿ, ಸೇವಕಿ ಇಬ್ಬರೂ ಸೇರಿ ಒಂದು ಕಾಗದ ಬರೆಯುತ್ತಾರೆ. ಯಜಮಾನಿ ಹೇಳುತ್ತಾಳೆ, ಸುಸಾನಾ ಬರೆದುಕೊಳ್ಳುತ್ತಾಳೆ. ನಾವು ಉಕ್ತಲೇಖನ ಬರೆಯುವಾಗ ಮಾಡುವ ಹಾಗೇ, ಕೊನೆಯ ಪದಗಳನ್ನು ತಿರುಗಿ ಹೇಳಿಕೊಂಡು ಬರೆಯುತ್ತಾಳೆ. ‘ಪೈನ್ ಮರಗಳ ಕೆಳಗೆ’ ಅಂತ ಬಂದಾಗ ಮರಗಳ ಕೆಳಗಾ ಅಂತ ಕೇಳಿ ಖಾತ್ರಿಮಾಡಿಕೊಳ್ಳುತ್ತಾಳೆ. ಉಳಿದದ್ದು ಅವನಿಗೇ ಗೊತ್ತಾಗುತ್ತೆ ಬಿಡು, ಅನ್ನುತ್ತಾಳೆ ಯಜಮಾನಿ. ಆಮೇಲೆ ಬರೆದದ್ದನ್ನು ಇಬ್ಬರೂ ಓದಿ ನೋಡುತ್ತಾರೆ. ಅಲ್ಲಿಯವರೆಗೆ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದ ದನಿಗಳು ಈಗ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಯಜಮಾನಿ ಯಾರು, ಸೇವಕಿ ಯಾರು ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ. ಎರಡು ದನಿ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಮೂರು ನಿಮಿಷ ಅಷ್ಟೇ, ಎರಡು ಸಲ ಹಾಕಿ. ಮೊದಲ ಸಲ ಕತೆಗೆ, ಎರಡನೇ ಸಲ ಕಿವಿಗೆ.

ಇದರ ಬೆನ್ನಿಗೆ ಡೆಲೀಬ್‌ನ ‘ಲಾಕ್ಮೆ’ಯ ಹೂವಿನ ಡುಯೆಟ್ ಇಟ್ಟರೆ ಸಭೆ ಕಳೆಗಟ್ಟುತ್ತದೆ. 1883ರಲ್ಲಿ ಪ್ಯಾರಿಸಿನಲ್ಲಿ ಬಂದ ಈ ಒಪೆರಾದ ಕತೆ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ. ಪೂಜಾರಿ ನೀಲಕಂಠನ ಮಗಳು ಲಾಕ್ಮೆ, ಅವಳ ಸೇವಕಿ ಮಲ್ಲಿಕಾ. ಮಲ್ಲಿಗೆ ಗುಲಾಬಿ ಹೆಣೆದುಕೊಂಡ ಚಪ್ಪರದ ಕೆಳಗೆ ಇಬ್ಬರೂ ಹೊಳೆಗೆ ಹೊರಟಿದ್ದಾರೆ. ನಮ್ಮ ದೇಶದ್ದು ಅಂತ ರಾಗ ಹುಡುಕಲು ಹೋಗಬೇಡಿ, ಇದು ಪಕ್ಕಾ ಪ್ಯಾರಿಸ್. ಕೊನೆಗೆ ಲಾಕ್ಮೆ ಬ್ರಿಟಿಷ್ ಅಧಿಕಾರಿಯ ಮೇಲಿನ ಪ್ರೀತಿಗಾಗಿ ದತ್ತೂರಿ ತಿಂದು ಸಾಯುತ್ತಾಳೆ. ಟಾಟಾದವರು 1952ರಲ್ಲಿ ಶುರುಮಾಡಿದ ಸೌಂದರ್ಯವರ್ಧಕಗಳಿಗೆ ಲ್ಯಾಕ್ಮೆ ಅಂತ ಹೆಸರು ಬಂದದ್ದು ಈ ಒಪೆರಾದಿಂದಲೇ. ಇದನ್ನು ಹೇಳಿದಾಗ ಮಗಳ ಗೆಳತಿಯೊಬ್ಬಳು ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆದು ಹೆಸರು ಓದಿ ನೋಡಿದಳು!

ಗಂಡು ದನಿಗಳ ಡುಯೆಟ್ ಬೇಕಾದರೆ ಬಿಜೆಯದೇ ‘ಮುತ್ತು ಹೆಕ್ಕುವವರು’ ಇದೆ, ಯುಸ್ಸಿ ಬ್ಯೋರ್ಲಿಂಗ್ ಮತ್ತು ರಾಬರ್ಟ್ ಮೆರಿಲ್ ಹಾಡಿದ್ದು. ಸಿಂಹಳದ ಕತೆ.

ಇಷ್ಟಾದ ಮೇಲೆ ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಿಂದ ರಾತ್ರಿಯ ರಾಣಿಯ ಹಾಡು. ಇದನ್ನು ಮೊದಲೇ ಹಾಕಿದರೆ ಹುಡುಗಿಯರು ಕಿಸಕ್ಕನೆ ನಗುತ್ತಾರೆ, ಈಗ ನಗುವುದಿಲ್ಲ. ತಾಯಿಯಾದ ಈ ರಾಣಿ ಮಗಳ ಕೈಗೆ ಚಾಕು ಕೊಟ್ಟು, ನನ್ನ ವೈರಿ ಸರಾಸ್ಟ್ರೊನನ್ನು ಕೊಲ್ಲು, ಇಲ್ಲವಾದರೆ ನೀನು ನನ್ನ ಮಗಳೇ ಅಲ್ಲ ಅನ್ನುತ್ತಿದ್ದಾಳೆ. ಆಮೇಲೆ ಬರುವ ಚೂಪು ಸ್ವರಗಳು ಸಿಟ್ಟು, ಸರ್ಕಸ್ ಅಲ್ಲ. ಇದನ್ನು ಮಾತ್ರ ವಿಡಿಯೊದಲ್ಲೇ ತೋರಿಸಿ, ಡಿಯಾನಾ ಡಾಮ್ರಾವ್ ಮುಖ ನೋಡಬೇಕು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಈ ಹಾಡನ್ನು ಎಡ್ಡಾ ಮೋಸರ್ ಹಾಡಿದ್ದಾರೆ. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರಕರ್ ಅವರ ಭೈರವಿಯೂ ಇದೆ. ಎರಡನ್ನೂ ಒಂದರ ಹಿಂದೊಂದು ಕೇಳಿಸಿ ನೋಡಿ.

ಈಗ ಬಾಕಿ ಇಟ್ಟ ಡ್ಯೂಕ್. ‘ರಿಗೊಲೆಟ್ಟೊ’ದ ಕತೆ ಹೇಳುವ ಸಮಯ ಇದು. ಗೂನುಬೆನ್ನಿನ ವಿದೂಷಕ ರಿಗೊಲೆಟ್ಟೊ ತನ್ನ ಮಗಳನ್ನು ಕೆಡಿಸಿದ ಡ್ಯೂಕನನ್ನು ಕೊಲ್ಲಲು ಸುಪಾರಿ ಕೊಟ್ಟಿದ್ದಾನೆ. ಮಧ್ಯರಾತ್ರಿ, ಗುಡುಗು ಮಳೆ. ಕೊಲೆಗಾರ ಹೆಣ ತುಂಬಿದ ಗೋಣಿಚೀಲ ಒಪ್ಪಿಸುತ್ತಾನೆ. ಅದನ್ನು ಹೊಳೆಗೆ ಎಸೆಯುವ ಖುಷಿಯಲ್ಲಿ ರಿಗೊಲೆಟ್ಟೊ ಎಳೆದುಕೊಂಡು ಹೊರಟಿದ್ದಾನೆ. ಆಗ ದೂರದಿಂದ ಅದೇ ಹಾಡು ಕೇಳಿಸುತ್ತದೆ. ಡ್ಯೂಕ್ ಆರಾಮಾಗಿ ಗುನುಗುತ್ತಾ ಹೋಗುತ್ತಿದ್ದಾನೆ. ಹಾಗಾದರೆ ಚೀಲದಲ್ಲಿ ಯಾರು? ಇಲ್ಲಿಗೆ ನಿಲ್ಲಿಸಿ, ಕೊನೆಯ ಅಂಕದ ಕೊನೆಯ ಭಾಗ ಹಾಕಿ. ಪಾವರೊಟ್ಟಿ, ಜೋನ್ ಸದರ್ಲೆಂಡ್, ಶೆರಿಲ್ ಮಿಲ್ನ್ಸ್ ಇರುವ 1971ರ ರೆಕಾರ್ಡಿಂಗ್ ಚೆನ್ನಾಗಿದೆ. ದೀಪ ಕಮ್ಮಿ ಮಾಡಿ, ಬರೀ ಕೇಳಿಸಿ. ಚೀಲದಲ್ಲಿರುವುದು ಮಗಳು ಜಿಲ್ಡಾ ಅಂತ ನೀವು ಹೇಳಬೇಕಾಗಿಲ್ಲ, ರಿಗೊಲೆಟ್ಟೊನ ದನಿಯೇ ಹೇಳುತ್ತದೆ. ಎರಡು ಗಂಟೆ ಮುಂಚೆ ತಲೆಯಾಡಿಸಿ ಕೇಳಿದ ಧಾಟಿ ಇದೇನಾ ಅನ್ನಿಸುತ್ತದೆ.

ಪಾವರೊಟ್ಟಿ ಹಾಡಿದ ಪುಚ್ಚಿನಿಯ ‘ನೆಸುನ್ ದೋರ್ಮಾ’ ಯಾಕಿಲ್ಲ ಅಂತ ಕೇಳುವವರಿದ್ದಾರೆ. 1990ರ ಫುಟ್ಬಾಲ್ ವಿಶ್ವಕಪ್‌ನಿಂದಾಗಿ ಅದು ಎಲ್ಲರಿಗೂ ಗೊತ್ತು. ಹಾಕಿದರೆ ಕೊನೆಯ ‘ವಿಂಚೆರೊ’ (ಗೆಲ್ಲುತ್ತೇನೆ) ಅನ್ನುವುದಕ್ಕೆ ಕಾಯುತ್ತಾ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಬೇಕೇ ಬೇಕಾದರೆ ಕಾಫಿ ಹೊತ್ತಿಗೆ ಹಾಕಿ.

ಎರಡು ಎಚ್ಚರಿಕೆ. ಫೋನಿನ ಸ್ಪೀಕರಿನಲ್ಲಿ ಕೇಳಿಸಬೇಡಿ, ಸೊಪ್ರಾನೊ, ಅಂದರೆ ಹೆಂಗಸರ ಏರು ದನಿ, ತಗಡಿನ ಹಾಗೆ ಕೇಳುತ್ತದೆ. ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಜಿಲ್ಡಾ ಸಾಯುವಾಗ ಸೋಪಿನ ಜಾಹೀರಾತು ಬರಬಾರದು ಅಲ್ವಾ?

ಪೂರ್ತಿ ಒಪೆರಾ ನೋಡಬೇಕು ಅಂತ ಯಾರಾದರೂ ಕೇಳಿದರೆ ಗಂಟೆಗಟ್ಟಲೆ ನಡೆಯುವ ವ್ಯಾಗ್ನರ್‌ನ ಒಪೆರಾಗಳ ಕಡೆ ಕಳಿಸಬೇಡಿ, ಓಡಿಹೋಗುತ್ತಾರೆ. ಲೌರೆಟ್ಟಾಳ ಅಪ್ಪನ ಕತೆ, ‘ಜಾನಿ ಸ್ಕಿಕ್ಕಿ’, ಒಂದೇ ಅಂಕ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಬ್‌ಟೈಟಲ್ ಇರುವುದನ್ನೇ ಹುಡುಕಿ ಕೊಡಿ.