ಕೊಟ್ಟಿಗೆಯಲ್ಲಿ ಮಲಗಿದ ವೀಡರ್ ಎಬ್ಬಿಸುವುದು ಹೇಗೆ?

ಮಂಡ್ಯ ಕಡೆ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವ ಮಷಿನ್, ಅಂದರೆ ವೀಡರ್‌ಗೆ ಕೆಲಸ ಇರುವುದು ಮೊದಲ ಮೂರು ನಾಲ್ಕು ತಿಂಗಳು ಅಷ್ಟೆ. ಕಬ್ಬು ಎದೆಮಟ್ಟ ಬಂದು ಸಾಲು ಮುಚ್ಚಿಕೊಂಡರೆ ಮಷಿನ್ ಒಳಗೆ ಹೋಗುವುದಿಲ್ಲ. ಗೋಣಿಚೀಲ ಹೊದಿಸಿ ಕೊಟ್ಟಿಗೆ ಮೂಲೆಗೆ ನಿಲ್ಲಿಸುತ್ತೇವೆ. ಕಟಾವು ಮುಗಿದು, ಕೂಳೆ ಚಿಗುರಿ, ಕಳೆ ಎದ್ದಾಗಲೇ ಮತ್ತೆ ಅದರ ನೆನಪು. ಆಗ ಹಗ್ಗ ಎಳೆದರೆ ಎಂಜಿನ್ ಕೆಮ್ಮುವುದೂ ಇಲ್ಲ.

ಹೋದ ವರ್ಷ ನಾನೂ ನಲವತ್ತು ಸಲ ಎಳೆದೆ. ಭುಜ ಬಿದ್ದುಹೋಯಿತು, ಮಷಿನ್ ಏಳಲಿಲ್ಲ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಪೇಟೆಗೆ ಹೋದೆ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರನ್ನೇ ಹೊಸದು ಹಾಕಿ ದುಡ್ಡು ಇಸಿದುಕೊಂಡರು. ಹಳೆಯದನ್ನು ಮನೆಗೆ ತಂದು ಬಿಚ್ಚಿದರೆ ಕೆಟ್ಟಿದ್ದು ಏನೂ ಇರಲಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಗಸಿಯೊಂದು, ಪೆಟ್ರೋಲ್ ಹಾಯುವ ಸಣ್ಣ ಜೆಟ್‌ನ ತೂತಿಗೆ ಅಡ್ಡ ಕೂತಿತ್ತು. ಈ ಮಷಿನ್‌ಗಳು ಗದ್ದೆಯಲ್ಲಿ ಕೆಡುವುದಕ್ಕಿಂತ ಕೊಟ್ಟಿಗೆಯಲ್ಲಿ ಕೆಡುವುದೇ ಜಾಸ್ತಿ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ವರಸೆ ಇಟ್ಟುಕೊಳ್ಳಿ. ನಾನು ಹೇಳುತ್ತಿರುವುದು ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇರುವ ವೀಡರ್ ಬಗ್ಗೆ. ಡೀಸೆಲ್ ಟಿಲ್ಲರ್ ಲೆಕ್ಕವೇ ಬೇರೆ.

ಮೊದಲು ಎಂಜಿನ್ ಆಯಿಲ್. ಮಷಿನ್ ಸಮನೆಲದ ಮೇಲಿರಲಿ. ಗೇಜ್ ಕಡ್ಡಿ ಒರೆಸಿ, ಸಾಮಾನ್ಯವಾಗಿ ತಿರುಪದೆ ಸುಮ್ನೆ ಇಳಿಬಿಟ್ಟು ತೆಗೆದು ನೋಡಿ. ಆಯಿಲ್‌ಗೂ ಸ್ಟಾರ್ಟಿಂಗ್‌ಗೂ ಏನು ಸಂಬಂಧ ಅಂತೀರಾ? ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್ ಸೆನ್ಸರ್ ಇರುತ್ತದೆ. ಆಯಿಲ್ ಕಡಿಮೆಯಾದರೆ ಅದು ಕಿಡಿಯನ್ನೇ ನಿಲ್ಲಿಸಿಬಿಡುತ್ತದೆ. ಸ್ವಿಚ್ ಆನ್ ಇದೆಯಾ, ಪೆಟ್ರೋಲ್ ಕಾಕ್ ತೆರೆದಿದೆಯಾ ಎಂದೂ ನೋಡಿಕೊಳ್ಳಿ. ನಗಬೇಡಿ, ಕಾಕ್ ಮುಚ್ಚಿಟ್ಟೇ ಹಗ್ಗ ಎಳೆದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಎರಡನೆಯದು ಕಿಡಿ. ಕಾರ್ಬೊರೇಟರ್ ಬಿಚ್ಚುವ ಮುಂಚೆಯೇ ಇದನ್ನು ಮುಗಿಸಿ. ಆಮೇಲೆ ಸುತ್ತ ಪೆಟ್ರೋಲ್ ಚೆಲ್ಲಿರುತ್ತದೆ, ಕಿಡಿ ಹಾರಿಸುವುದು ಅಪಾಯ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿ ಉರಿದಿದೆ. ಒಣ ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು. ಪೆಟ್ರೋಲ್‌ನಲ್ಲಿ ತೊಯ್ದಿದ್ದರೆ ಚೋಕ್ ಹಾಕಿ ಜಾಸ್ತಿ ಎಳೆದಿದ್ದೀರಿ, ಇಲ್ಲವೇ ಕಿಡಿ ಬರುತ್ತಿಲ್ಲ. ಹತ್ತಾರು ಸಲ ಎಳೆದ ಮೇಲೂ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ ಅಂತಲೇ ಅರ್ಥ. ಪ್ಲಗ್ ತುದಿಯನ್ನು ಬ್ರಷ್‌ನಿಂದ ಉಜ್ಜಿ, ಅಲ್ಲಿನ ಗ್ಯಾಪ್ 0.7ರಿಂದ 0.8 ಮಿ.ಮೀ. ಇದೆಯಾ ನೋಡಿ. ಪ್ಲಗ್ಗನ್ನು ಮತ್ತೆ ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ ತೂತಿನಿಂದ ದೂರದಲ್ಲಿ, ಅದರ ಲೋಹದ ಮೈ ಎಂಜಿನ್‌ಗೆ ತಾಗುವ ಹಾಗೆ ಹಿಡಿದು ಹಗ್ಗ ಎಳೆಯಿರಿ. ಹಿಡಿಯುವುದಕ್ಕೆ ರಬ್ಬರ್ ಹಿಡಿಯ ಇಕ್ಕಳ ಬೇಕು. ನೀಲಿ ಕಿಡಿ ಚಟಪಟ ಎಂದರೆ ಸರಿ. ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲ ಎಂದರೆ ಸ್ವಿಚ್ ವೈರು, ಸೆನ್ಸರ್ ಅಥವಾ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕೆಟ್ಟಿರಬಹುದು. ಇಲಿ ವೈರು ಕಡಿದಿದೆಯಾ ಎಂದೂ ನೋಡಿ.

ಕಿಡಿ ಇದ್ದೂ ಮಷಿನ್ ಏಳದಿದ್ದರೆ ಕಳ್ಳ ಹೆಚ್ಚಾಗಿ ಕಾರ್ಬೊರೇಟರ್‌ನಲ್ಲೇ ಇರುತ್ತಾನೆ. ಬಂಕ್‌ನಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಈ ಎಥನಾಲ್‌ನಲ್ಲಿ ಒಂದು ಪಾಲು ಕಬ್ಬಿನಿಂದಲೇ ಬಂದದ್ದು. ನಾವು ಬೆಳೆದ ಕಬ್ಬು ನಮ್ಮ ವೀಡರ್‌ಗೇ ಅಡ್ಡ ಬಂತು ನೋಡಿ! ಹಳೇ ಪೆಟ್ರೋಲ್ ಒಂದಿಷ್ಟನ್ನು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ, ಹುಳಿ ವಾಸನೆ ಬಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಇನ್ನು ಕಾರ್ಬೊರೇಟರ್. ಬಯಲಿಗೆ ಬನ್ನಿ, ಬೀಡಿ ಆಮೇಲೆ. ಕಾಕ್ ಮುಚ್ಚಿ, ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್‌ನ ಬೋಲ್ಟ್ ಬಿಚ್ಚಿ. ಸಾಮಾನ್ಯವಾಗಿ ಅದು 10 ನಂಬರ್ ಸ್ಪ್ಯಾನರ್‌ಗೆ ಬರುತ್ತದೆ. ಬೌಲ್ ಸುತ್ತಿನ ರಬ್ಬರ್ ರಿಂಗ್ ಹರಿಯದಂತೆ ಎತ್ತಿಡಿ. ಬೌಲ್ ತಳದಲ್ಲಿ ಜೋನಿಬೆಲ್ಲದಂತೆ ಅಂಟು ಕಂಡರೆ ಆಶ್ಚರ್ಯಪಡಬೇಡಿ. ನಡುವಿನ ಕೊಳವೆಯೊಳಗೆ ಹಿತ್ತಾಳೆಯ ಜೆಟ್ ಇರುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಿಂದ ನಿಧಾನ ತಿರುಗಿಸಿ, ಹಿತ್ತಾಳೆ ಮೆದು, ಸ್ಕ್ರೂಡ್ರೈವರ್ ಕೂರುವ ಸೀಳು ಬೇಗ ಸವೆಯುತ್ತದೆ. ಜೆಟ್ಟನ್ನು ಆಕಾಶಕ್ಕೆ ಹಿಡಿದರೆ ತೂತಿನಲ್ಲಿ ದುಂಡಗೆ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಗುಂಡುಸೂಜಿ ಮಾತ್ರ ಬೇಡ, ತೂತು ಹಿಗ್ಗಿದರೆ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಸ್ಪ್ರೇ ಹೊಡೆಯುವಾಗ ಕಣ್ಣು ಜೋಪಾನ.

ಏರ್ ಫಿಲ್ಟರ್ ಕೆಲಸ ಐದು ನಿಮಿಷದ್ದು. ಸ್ಪಾಂಜಿನದಾದರೆ ಸೋಪು ನೀರಲ್ಲಿ ಹಿಂಡಿ, ಒಣಗಿಸಿ, ನಾಲ್ಕು ಹನಿ ಆಯಿಲ್ ಹಚ್ಚಿ. ಕಾಗದದ್ದಾದರೆ ತಟ್ಟಿ ಧೂಳು ಕೊಡವಿ, ನೀರು ಸೋಕಿಸಬೇಡಿ. ಸೈಲೆನ್ಸರ್ ಬಾಯಲ್ಲಿ ಕಡಜ ಮಣ್ಣು ಮೆತ್ತಿದೆಯಾ ಎಂದೂ ಬಗ್ಗಿ ನೋಡಿ.

ಕೆಲವು ಮಷಿನ್‌ಗಳು ಸ್ಟಾರ್ಟ್ ಆಗಿ ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತವೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತವೆ. ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ನುಗ್ಗಿ ಎಂಜಿನ್ ಎದ್ದರೆ, ಮುಚ್ಚಳದ ಗಾಳಿತೂತು ಕಟ್ಟಿದೆ. ಖರ್ಚಿಲ್ಲದ ರಿಪೇರಿ ಇದು. ಎಂಜಿನ್ ಸದ್ದು ಉಯ್ಯಾಲೆಯಂತೆ ಏರಿ ಇಳಿಯುತ್ತಿದ್ದರೆ ಕಾರ್ಬೊರೇಟರ್‌ನ ಇನ್ನೊಂದು ಸಣ್ಣ ಜೆಟ್ ಕಟ್ಟಿರಬಹುದು, ಅಥವಾ ಅದರ ಸಂದು ಮುಚ್ಚುವ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿರಬಹುದು.

ಇಷ್ಟಾದರೂ ಏಳದಿದ್ದರೆ ಸ್ವಿಚ್ ಆಫ್ ಮಾಡಿ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು, ಅದೇ ಕಂಪ್ರೆಷನ್. ಖಾಲಿ ಬಿಂದಿಗೆ ಸೇದಿದ ಹಾಗೆ ಸಲೀಸಾಗಿ ಬಂದರೆ ವಾಲ್ವ್ ಇಲ್ಲವೇ ಪಿಸ್ಟನ್ ರಿಂಗ್ ಹೋಗಿರಬಹುದು. ಆಗ ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು. ಹೋದಾಗ ಪ್ಲಗ್, ಜೆಟ್ ನೋಡಿದ್ದೇನೆ, ಕಂಪ್ರೆಷನ್ ಇಲ್ಲ ಎಂದು ನೀವೇ ಮೊದಲು ಹೇಳಿಬಿಡಿ. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಇಸಿದುಕೊಂಡೇ ಬನ್ನಿ.