ಬಳ್ಳಾರಿ ಪಾರ್ಲರ್‌ನಿಂದ ಮಾಲ್ಡೀವ್ಸ್ ಸ್ಪಾಗೆ

ಬಳ್ಳಾರಿಯ ಪಾರ್ಲರ್‌ನಲ್ಲಿ ನಾನು ಹಾಕುತ್ತಿದ್ದದ್ದು ಜಾಸ್ತಿ ಬಿಸಿಲಿನ ಕಪ್ಪು ತೆಗೆಯುವ ಡಿ-ಟ್ಯಾನ್ ಪ್ಯಾಕೇ. ಮದುವೆ ಸೀಸನ್ ಬಂತೆಂದರೆ ‘ಅಕ್ಕಾ, ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ಮಾಡ್ರಿ’ ಅನ್ನುವ ಮಾತೇ ಮಾತು. ಈಗ ಮಾಲ್ಡೀವ್ಸ್‌ನ ರೆಸಾರ್ಟೊಂದರ ಸ್ಪಾದಲ್ಲಿದ್ದೇನೆ. ಇಲ್ಲಿನ ಗೆಸ್ಟ್‌ಗಳು ದುಡ್ಡು ಕೊಟ್ಟು ಬಂದು, ಬಿಸಿಲಿಗೆ ಮಲಗಿ ಕಪ್ಪಾಗುತ್ತಾರೆ!

ಸಿರುಗುಪ್ಪ, ಗಂಗಾವತಿ ಕಡೆಯ ಹುಡುಗಿಯರು ಫೋನ್ ಮಾಡಿ ಇಲ್ಲಿಗೆ ಬರುವ ದಾರಿ ಕೇಳುತ್ತಾರೆ. ‘ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡು, ಆಮೇಲೆ ಕೆಲಸದ ವೀಸಾ ಮಾಡಿಸೋಣ’ ಅನ್ನುವ ಏಜೆಂಟರನ್ನು ನಂಬಬೇಡಿ. ನನಗೂ ಒಬ್ಬ ಹೀಗೇ ಹೇಳಿದ್ದ. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವುದು ಇಲ್ಲಿ ಅಪರಾಧ. ವರ್ಕ್ ಪರ್ಮಿಟ್ಟನ್ನು ರೆಸಾರ್ಟಿನವರೇ ಮೊದಲು ಮಾಡಿಸಬೇಕು, ಆ ಕಾಗದ ಕೈಗೆ ಬಂದ ಮೇಲೇ ಟಿಕೆಟ್. ಏಜೆಂಟ್ ಲೈಸೆನ್ಸ್ ಇದ್ದವನೋ ಇಲ್ಲವೋ ಅಂತ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಲೈಸೆನ್ಸ್ ಇದ್ದವನು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಲಕ್ಷ ಕೇಳಿದರೆ ಎದ್ದು ಬನ್ನಿ.

ಇನ್ನೊಂದು, ಪೂಜೆಯ ವಿಗ್ರಹ ತರುವುದಕ್ಕೆ ಮಾಲ್ಡೀವ್ಸ್ ಕಸ್ಟಮ್ಸ್ ಬಿಡುವುದಿಲ್ಲ. ಅವ್ವ ಬ್ಯಾಗಿಗೆ ಹಾಕಿದ್ದ ಹುಲಿಗೆಮ್ಮನ ಪುಟ್ಟ ಮೂರ್ತಿ ಮನೆಯಲ್ಲೇ ಉಳಿಯಿತು. ಶೇಂಗಾ ಚಟ್ನಿಪುಡಿ ಮಾತ್ರ ಬಂತು.

ಕೆಲಸದ ವಿಷಯಕ್ಕೆ ಬರೋಣ. ನಮ್ಮ ಬಳ್ಳಾರಿಯದು ಒಣ ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೂ ಬೆವರು ಹಾಗೇ ಆರಿಹೋಗುತ್ತದೆ. ಇಲ್ಲಿ 30-31 ಡಿಗ್ರಿ ಅಷ್ಟೇ, ಆದರೆ ಬೆವರು ಆರುವುದೇ ಇಲ್ಲ. ಒದ್ದೆ ಚರ್ಮಕ್ಕೆ ವ್ಯಾಕ್ಸ್ ಹಿಡಿಯುವುದಿಲ್ಲ, ಸ್ಟ್ರಿಪ್ ಎಳೆದರೆ ಕೂದಲು ಅಲ್ಲೇ, ವ್ಯಾಕ್ಸ್ ಅಂಟಂಟಾಗಿ ಕಾಲ ಮೇಲೆ. ಅದಕ್ಕೆ ಗೆಸ್ಟ್ ಬಂದ ಕೂಡಲೇ ವ್ಯಾಕ್ಸ್ ಶುರು ಮಾಡುವುದಿಲ್ಲ. ಸ್ವಲ್ಪ ಹೊತ್ತು ಏಸಿಯಲ್ಲಿ ಕೂರಿಸುತ್ತೇನೆ. ಸನ್‌ಸ್ಕ್ರೀನ್, ಉಪ್ಪುನೀರು ಪೂರ್ತಿ ಹೋಗುವ ಹಾಗೆ ಒರೆಸಿ, ತೆಳ್ಳಗೆ ಪೌಡರ್ ಹಾಕಿ, ಅಂಗೈಯಷ್ಟಗಲ ಜಾಗ ಮಾತ್ರ ಒಂದು ಸಲಕ್ಕೆ ಹಿಡಿಯುತ್ತೇನೆ. ಬಿಸಿಲಿಗೆ ಸುಟ್ಟು ಕೆಂಪಾದ ಚರ್ಮವಾದರೆ ವ್ಯಾಕ್ಸೂ ಇಲ್ಲ, ಸ್ಕ್ರಬ್ಬೂ ಇಲ್ಲ. ತಣ್ಣನೆ ಬಟ್ಟೆ, ಲೋಳೆಸರದ ಜೆಲ್, ಅಷ್ಟೇ.

ರಾತ್ರಿ ಸುಕ್ಕಿಗೆ, ಮೊಡವೆಗೆ ಅಂತ ರೆಟಿನಾಲ್ ಕ್ರೀಮ್ ಹಚ್ಚುತ್ತೀರಾ ಅಂತ ಕೇಳದೆ ಮುಖದ ವ್ಯಾಕ್ಸ್‌ಗೆ ಕೈಹಾಕುವುದಿಲ್ಲ. ಆ ಕ್ರೀಮ್ ಹಚ್ಚಿದವರ ಮೇಲ್ಚರ್ಮ ಸ್ಟ್ರಿಪ್ ಜೊತೆ ಕಿತ್ತು ಬರಬಹುದು. ಸಮುದ್ರಕ್ಕೆ ಇಳಿಯುವುದು ಯಾವಾಗ ಅಂತಲೂ ಕೇಳುತ್ತೇನೆ. ವ್ಯಾಕ್ಸ್ ಆದ ಮೇಲೆ ಕನಿಷ್ಠ 24 ಗಂಟೆ ಬಿಸಿಲು, ಉಪ್ಪುನೀರು ಎರಡೂ ಬೇಡ. ಆಸಿಡ್ ಹಚ್ಚಿ ಮುಖದ ಮೇಲ್ಪದರ ತೆಗೆಯುವ ಗ್ಲೈಕಾಲಿಕ್ ಪೀಲ್ ಮಾರಿದರೆ ಕಮಿಷನ್ ಇದೆ ನಿಜ. ಆದರೆ ಭೂಮಧ್ಯರೇಖೆ ಹತ್ತಿರದ ಬಿಸಿಲಿದು. ಬೆಳಗಾದರೆ ಬೀಚಿಗೆ ಹೋಗುವವರ ಮುಖಕ್ಕೆ ಆಸಿಡ್ ಹಚ್ಚುವುದೇ? ಮ್ಯಾನೇಜರ್ ಮುಖ ಗಂಟು ಹಾಕಿಕೊಂಡರೂ ನಾನು ಮಾಡುವುದಿಲ್ಲ. ನೀರಿನಂಶ ಕೊಡುವ ಫೇಶಿಯಲ್ ಮಾಡಿ ಕಳಿಸುತ್ತೇನೆ.

ಸಂಬಳ ಡಾಲರ್‌ನಲ್ಲಿ. ಊಟ, ರೂಮು ಅವರದೇ. ಸರ್ವಿಸ್ ಚಾರ್ಜಿನಲ್ಲೂ ಪಾಲು ಬರುತ್ತದೆ, ಆದರೆ ಮೇ ತಿಂಗಳಿಂದ ಮಳೆ ಹಿಡಿದು ಗೆಸ್ಟ್ ಕಡಿಮೆಯಾದರೆ ಅದೂ ಇಳಿಯುತ್ತದೆ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ಬೇಸಿಕ್ ಎಷ್ಟು ಅಂತ ಕೇಳಿ. ರಜೆಗೆ ಊರಿಗೆ ಹೋಗುವ ಟಿಕೆಟ್ ಯಾರದು ಅನ್ನುವುದೂ ಕಾಂಟ್ರಾಕ್ಟಿನಲ್ಲಿ ಬರೆದಿರಲಿ.

ನಮ್ಮ ಹುಡುಗಿಯರಿಗೆ ಇಲ್ಲಿ ಬೆಲೆ ಇರುವುದು ಥ್ರೆಡ್ಡಿಂಗ್‌ಗೆ. ಯುರೋಪಿನವರು ಕನ್ನಡಿ ಹಿಡಿದು ಹುಬ್ಬನ್ನು ನೋಡಿಕೊಳ್ಳುತ್ತಲೇ ಇರುತ್ತಾರೆ. ಆದರೆ ನಮ್ಮ ಹಾಗೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಲು ನಮ್ಮ ಸ್ಪಾದಲ್ಲಿ ಬಿಡುವುದಿಲ್ಲ. ಕೊರಳಿಗೆ ಸುತ್ತಿಕೊಂಡು ಮಾಡಬೇಕು. ಮೊದಮೊದಲು ಕೈಯೇ ಓಡುವುದಿಲ್ಲ. ವಿಡಿಯೊ ಇಂಟರ್‌ವ್ಯೂನಲ್ಲಿ ನನಗೆ ಇದನ್ನೇ ಮಾಡಿ ತೋರಿಸಲು ಹೇಳಿದ್ದರು, ಊರಲ್ಲಿದ್ದಾಗಲೇ ರೂಢಿ ಮಾಡಿಕೊಳ್ಳಿ. ಬರುವಾಗ ದಾರದ ರೀಲು ನಾಲ್ಕು ಜಾಸ್ತಿಯೇ ಇರಲಿ, ದ್ವೀಪದಲ್ಲಿ ಅಂಗಡಿ ಇಲ್ಲ.