ಅಜ್ಜಿಯ ‘ಅಂತ’ ಮತ್ತು ಯಂತ್ರದ ಕಥೆ

ಧಾರವಾಡದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಕಥೆ ಹೇಳುವ ಬಗೆಗಳನ್ನು ಪರಿಶೀಲಿಸುವ ನಿರೂಪಣಾಶಾಸ್ತ್ರದ ಪರಿಭಾಷೆಗಳನ್ನು ಹಲವು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ ನಾನು ಅವುಗಳನ್ನು ನಿಜವಾಗಿ ಕೈಗೆತ್ತಿಕೊಂಡದ್ದು ಅಜ್ಜಿಯ ಒಂದು ಕಥೆಯನ್ನು ಎಐ ನೆರವಿನಿಂದ ಬರಹಕ್ಕಿಳಿಸಲು ಹೊರಟಾಗ. ಕಥೆ ಚಿಕ್ಕದು. ನವಲಗುಂದ ಕಡೆಯ ಕಪ್ಪುಮಣ್ಣಿನ ಎರಿ ಸೀಮೆಯಿಂದ ಅವಳ ಅಪ್ಪ ಚಕ್ಕಡಿಯಲ್ಲಿ ಅರಳಿ, ಅಂದರೆ ಹತ್ತಿ, ಹೇರಿಕೊಂಡು ಹುಬ್ಬಳ್ಳಿ ಪೇಟೆಗೆ ಹೋಗುತ್ತಾನೆ. ಅಡ್ಡಮಳೆಯ ದಿನಗಳು, ಮೇಲೆ ಶಿಗ್ಗಾವಿ ಕಡೆ ಮಳೆಯಾದರೆ ಸಾಕು, ಕೆಳಗೆ ಒಂದು ಹನಿ ಬೀಳದಿದ್ದರೂ ಬೆಣ್ಣಿಹಳ್ಳ ತುಂಬಿ ಬರುತ್ತದೆ. ಆ ರಾತ್ರಿ ಎತ್ತುಗಳೆರಡೇ ಮನೆಗೆ ಮರಳುತ್ತವೆ. ಅಪ್ಪ ಮೂರನೆಯ ದಿನ ಬರುತ್ತಾನೆ, ಏನಾಯಿತೆಂದು ಸಾಯುವವರೆಗೂ ಬಾಯಿ ಬಿಡುವುದಿಲ್ಲ.

ಮೊಬೈಲಿನಲ್ಲಿ 11 ನಿಮಿಷ ಧ್ವನಿಮುದ್ರಿಸಿಕೊಂಡು, ಅವಳು ಆಡಿದಂತೆಯೇ ನಾನೇ ಟೈಪು ಮಾಡಿದೆ. ತಂತಾನೇ ಬರೆದುಕೊಳ್ಳುವ ತಂತ್ರಾಂಶ ಅವಳ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತಿತ್ತು. ಬಳಿಕ ಅದನ್ನು ಚಾಟ್‌ಬಾಟ್‌ಗೆ ಕೊಟ್ಟು, ಇದನ್ನು ಕಥೆಯಾಗಿಸು ಎಂದೆ. ಕ್ಷಣದಲ್ಲಿ ಬಂದ ಕಥೆಯಲ್ಲಿ ಮುತ್ತಜ್ಜಿ ದೀಪ ಹಚ್ಚಿ ದೇವರ ಮುಂದೆ ಕುಳಿತಿದ್ದಳು. ಮುತ್ತಜ್ಜ ಹಳ್ಳದಲ್ಲಿ ತೇಲಿ ಬಂದ ಮಗುವೊಂದನ್ನು ಬದುಕಿಸಿದ್ದ. ಕೊನೆಗೆ ಎಲ್ಲರೂ ತಬ್ಬಿಕೊಂಡು ಅತ್ತರು. ಬರೆದುದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆದರೆ ಅಜ್ಜಿಯ ಕಥೆ ನಿಂತಿರುವುದೇ ಆ ಮೌನದ ಮೇಲೆ. ಹಿಂದಿನ ಮಾತುಗಳನ್ನು ನೋಡಿ ಮುಂದೆ ಬರಲು ಹೆಚ್ಚು ಸಾಧ್ಯವಿರುವ ತುಣುಕನ್ನು ಜೋಡಿಸುತ್ತ ಹೋಗುವ ಯಂತ್ರಕ್ಕೆ, ಎಲ್ಲರೂ ಉತ್ತರಕ್ಕಾಗಿ ಕಾಯುವ ಜಾಗವನ್ನು ಖಾಲಿ ಬಿಡುವುದು ಒಗ್ಗದ ಕೆಲಸ.

ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯನ್ ಅದ್ಭುತಕಥೆಗಳಿಂದ ಹೆಕ್ಕಿದ 31 ಕಾರ್ಯಗಳ, ಅಂದರೆ ನಾಯಕ ಮನೆ ಬಿಡುವುದು, ಖಳ ಕೇಡು ಮಾಡುವುದು ಮುಂತಾದ ಹೆಜ್ಜೆಗಳ, ಚೌಕಟ್ಟನ್ನೂ ಒಮ್ಮೆ ಕೊಟ್ಟು ನೋಡಿದೆ. ಬೆಣ್ಣಿಹಳ್ಳ ಖಳನಾಯಕನಾಯಿತು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಅನಂತರ ಬರೆಯಿಸುವುದನ್ನು ನಿಲ್ಲಿಸಿ, ಓದಿಸಲು ತೊಡಗಿದೆ. ಕೃತಿಯ ರೂಪಕ್ಕೇ ಒತ್ತು ಕೊಟ್ಟ ವಿಮರ್ಶಕರಾದ ರಷ್ಯನ್ ರೂಪನಿಷ್ಠರು ಮಾಡಿದ ಭೇದವನ್ನು, ಅಂದರೆ ಘಟನೆಗಳು ನಡೆದ ಕ್ರಮ ಬೇರೆ, ಹೇಳಿದ ಕ್ರಮ ಬೇರೆ ಎಂಬುದನ್ನು ವಿವರಿಸಿ, ಎರಡು ಪಟ್ಟಿ ಮಾಡಿಸಿದೆ. ಈ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡಿತು. ಮುಂದಿನ ಹೆಜ್ಜೆ ಕಷ್ಟದ್ದು. ಹೇಳುವವರು ಯಾರು ಎಂಬ ಪ್ರಶ್ನೆಯನ್ನು ನೋಡುವವರು ಯಾರು ಎಂಬ ಪ್ರಶ್ನೆಯೊಂದಿಗೆ ಬೆರೆಸಬಾರದೆಂದು ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ವಾದಿಸಿದ್ದನ್ನು ಫ್ರೆಂಚ್ ಕಾದಂಬರಿಗಳ ಉದಾಹರಣೆಯೊಂದಿಗೆ ವಿವರಿಸಿ ವಿದ್ಯಾರ್ಥಿಗಳನ್ನು ಆಕಳಿಸುವಂತೆ ಮಾಡಿದವನು ನಾನು. ಅಜ್ಜಿ ಅದನ್ನು ‘ಅಂತ’ (ಅಂತೆ) ಎಂಬ ಒಂದು ಪ್ರತ್ಯಯದಲ್ಲಿ ಮುಗಿಸುತ್ತಾಳೆ. “ಹಳ್ಳ ಬಂದಿತ್ತಂತ” ಎನ್ನುತ್ತಾಳೆ, ಏಕೆಂದರೆ ಅದನ್ನು ಅವಳು ಬೇರೆಯವರಿಂದ ಕೇಳಿದ್ದು. “ಎತ್ತಿನ ಕಾಲಿಗೆ ಕೆಸರ ಹತ್ತಿತ್ತು” ಎನ್ನುತ್ತಾಳೆ, ಏಕೆಂದರೆ ಅದನ್ನು ಕಂಡದ್ದು. ಯಂತ್ರ ಮೊದಲ ಸಲ ಎಲ್ಲ ‘ಅಂತ’ಗಳನ್ನೂ ಕಿತ್ತುಹಾಕಿತು, ಅವು ಬೇಕು ಎಂದಾಗ, ಜಾನಪದದ ಸೊಗಡು ಕೇಳುತ್ತಿದ್ದೇನೆಂದು ಭಾವಿಸಿತೋ ಏನೋ, ಕೆಸರಿಗೂ ‘ಅಂತ’ ಹಚ್ಚಿತು. ಆಗ ನಾನು ಪ್ರತಿ ವಾಕ್ಯದ ಎದುರು ಕಂಡದ್ದು ಅಥವಾ ಕೇಳಿದ್ದು ಎಂದು ಗುರುತು ಹಾಕಿ ಕೊಟ್ಟು, ಈ ಗುರುತಿಗೆ ಹೊಂದದ ಸಂಗತಿ ಕಥೆಯಲ್ಲಿ ಎಲ್ಲಿದೆ ಎಂದಷ್ಟೇ ಕೇಳಿದೆ.

ಒಂದು ಕಡೆ ಎಂದಿತು. ಎತ್ತಿನ ಕೊರಳಗಂಟೆಯ ಸಪ್ಪಳ ಕೇಳಿದ್ದಾಗಿ ಅಜ್ಜಿ ‘ಅಂತ’ ಇಲ್ಲದೆ ಹೇಳುತ್ತಾಳೆ. ಆದರೆ ಆರನೆಯ ನಿಮಿಷದಲ್ಲಿ, ಎತ್ತುಗಳ ಕೊರಳು ಬರಿದಾಗಿದ್ದವು, ಗಂಟೆ ಹರಿದುಹೋಗಿದ್ದವು ಎಂದೂ ಹೇಳುತ್ತಾಳೆ. ಧ್ವನಿಮುದ್ರಿಕೆಯನ್ನು ಎಷ್ಟೋ ಸಲ ಕೇಳಿದ್ದ ನನಗೆ ಇದು ಹೊಳೆದಿರಲಿಲ್ಲ.

ಅಜ್ಜಿಯನ್ನೇ ಕೇಳಿದೆ. ಅಡಕೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸಿ, “ಗಂಟಿ ಸಪ್ಪಳ ಕೇಳಿದಾಕಿ ನಮ್ಮವ್ವ. ನಾ ಮಲಗಿದ್ನಿ, ಆಕಿನ ಎಬ್ಬಿಸ್ಯಾಳ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಇಲ್ಲದ ಗಂಟಿ ಹೆಂಗ ಕೇಳಿತು ಅಂತ ನಾನೂ ಆಕಿನ್ನ ಕೇಳಲಿಲ್ಲ ನೋಡು” ಎಂದಳು.

ಇದನ್ನು ಯಂತ್ರಕ್ಕೆ ತಿಳಿಸಿದ್ದು ನನ್ನ ತಪ್ಪು. ಒಂದು ಕೊರಳಗಂಟೆ ದಾರಿಯಲ್ಲಿ ಹರಿಯದೆ ಉಳಿದು ಅಂಗಳದಲ್ಲಿ ಬಿದ್ದಿರಬಹುದು, ಇಲ್ಲವೇ ಬೇರೆ ಚಕ್ಕಡಿ ಹಾದುಹೋಗಿರಬಹುದು ಎಂದು ಅದು ಒಡನೆ ಸಮಾಧಾನ ಒದಗಿಸಿತು. ಎರಡೂ ಸಾಧ್ಯವೇ. ಎರಡನ್ನೂ ತೆಗೆದುಕೊಳ್ಳಲಿಲ್ಲ.

ಕಥೆಯನ್ನು ಕೊನೆಗೆ ನಾನೇ ಬರೆದೆ, ಅಜ್ಜಿಯ ಬಾಯಲ್ಲೇ. ಅದರ ಮೊದಲ ಸಾಲು ಹೀಗಿದೆ: “ಗಂಟಿ ಸಪ್ಪಳ ಕೇಳಿತಂತ, ನಾ ಎದ್ದು ನೋಡಿದಾಗ ಎತ್ತು ಬಾಗಲಾಗ ನಿಂತಿದ್ದುವು.” ಕಾಗುಣಿತ ನೋಡಿಕೊಡು ಎಂದು ಯಂತ್ರಕ್ಕೆ ಕೊಟ್ಟಾಗಲೆಲ್ಲ, ಒಂದೇ ವಾಕ್ಯದಲ್ಲಿ ಎರಡು ಬಗೆಯ ಕ್ರಿಯಾಪದವಿರುವುದು ಅಸಮಂಜಸವೆಂದು ಆ ‘ಅಂತ’ವನ್ನು ತೆಗೆದು ‘ಕೇಳಿತು’ ಎಂದು ಮಾಡುತ್ತದೆ. ನಾನು ಮತ್ತೆ ಸೇರಿಸುತ್ತೇನೆ.